ಹೊಸ ಸಂಸಾರದ ಹೊಸ ಗುಡಾರ

(ಕಬ್ಬಿನ ಹಂಗಾಮಿಗೆ ಹೊರಡುವ ಕುಟುಂಬಗಳಿಗಾಗಿ ಅಕ್ಕಲಕೋಟೆಯಲ್ಲಿ ನಡೆದ ಕೂಟದಲ್ಲಿ ಮಾಡಿದ ಭಾಷಣ)





ದೇವದರ್ಶನದ ಗುಡಾರವನ್ನು ಕುರಿತ ಪ್ರಸಂಗಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಈ ದಿನ ನಾನು ಮಾತಾಡುವುದು ಇನ್ನೊಂದು ಗುಡಾರದ ವಿಷಯ. ದಸರೆ ಮುಗಿಯುತ್ತಲೂ ನಮ್ಮ ಮಡ್ಡಿಯ ಊರುಗಳಿಂದ ಟ್ರಕ್ಕು, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಹೋಗುವ ಗುಡಾರ. ನಾಲ್ಕೈದು ತಿಂಗಳು ನಿಮಗೆ ಮನೆ, ಅಡಿಗೆಮನೆ, ಬಾಣಂತಿಕೋಣೆ ಎಲ್ಲವೂ ಆಗುವ ತಾಡಪತ್ರಿಯ ಗುಡಾರ. ಈ ವರುಷ ಮೊದಲ ಸಲ ಕೊಯ್ತಾ ಹಿಡಿಯುವ ಹೊಸ ಜೋಡಿಗಳು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮುಕಾದಮನ ಉಚಲ್ ಕೈಗೆ ಬಂದಾಗಿದೆ. ತಾಡಪತ್ರಿಯೂ ಕೊಂಡಾಗಿದೆ. ಆದರೆ ಅದನ್ನು ಹೂಡುವ ಬಗೆಯನ್ನು ಕಲಿಸುವವರು ಯಾರು? ಕಬ್ಬು ಕಡಿಯುವುದನ್ನು ತೋರಿಸಿಕೊಡಲು ಹತ್ತು ಮಂದಿ ಇರುತ್ತಾರೆ. ಗುಡಾರ ಹಾಕುವುದು ಮಾತ್ರ ತಾನಾಗಿ ಬರುವ ವಿದ್ಯೆಯೆಂದು ಎಲ್ಲರ ಭಾವನೆ. ಹಾಗೆ ತಿಳಿದವರ ಗುಡಾರ ಮೊದಲ ಅಡ್ಡಮಳೆಗೇ ಮಲಗುವುದನ್ನು ಹಂಗಾಮಿಗೆ ಹೋಗಿ ಬಂದವರೆಲ್ಲ ನೋಡಿದ್ದೀರಿ.

ಗುಡಾರ ಹಾಕುವುದು ಕೀಳು ಕೆಲಸವೆಂದು ಯಾರೂ ತಿಳಿಯಬೇಡಿರಿ. ಅಪೊಸ್ತಲನಾದ ಪೌಲನು ಕೊರಿಂಥಕ್ಕೆ ಬಂದಾಗ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡಹೆಂಡಿರ ಮನೆಯಲ್ಲಿ ಇಳಿದುಕೊಂಡನು. ಮೂವರ ಕಸುಬೂ ಒಂದೇ, ಗುಡಾರ ಮಾಡುವುದು. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಇದನ್ನು ಓದುತ್ತೇವೆ. ಆ ದಂಪತಿಗಳು ಸುಖಕ್ಕಾಗಿ ಊರು ಬಿಟ್ಟವರಲ್ಲ. ಚಕ್ರವರ್ತಿಯ ಆಜ್ಞೆಯಿಂದ ರೋಮ್ ನಗರವನ್ನು ಬಿಟ್ಟು ಬಂದ ವಲಸೆಗಾರರು. ಪೌಲನ ಸ್ವಂತ ಊರು ಕಿಲಿಕ್ಯ ಸೀಮೆಯ ತಾರ್ಸ. ಆ ಸೀಮೆಯ ಮೇಕೆಯ ಕೂದಲಿನ ಒರಟು ಬಟ್ಟೆ ಎಷ್ಟು ಪ್ರಸಿದ್ಧವಾಗಿತ್ತೆಂದರೆ ಲತೀನ್ ಭಾಷೆಯಲ್ಲಿ ಆ ಬಟ್ಟೆಗೆ ಸೀಮೆಯ ಹೆಸರೇ ನಿಂತಿತು. ಪೌಲನು ಹೊಲಿದದ್ದು ಆ ಬಟ್ಟೆಯೋ ಚರ್ಮವೋ ಎಂದು ಪಂಡಿತರು ವಾದ ಮಾಡುತ್ತಾರೆ, ಮಾಡಲಿ. ಕೂದಲಿನ ಬಟ್ಟೆಯ ಗುಣ ನಮಗೆ ಗೊತ್ತಿರುವುದೇ. ನಮ್ಮ ಕುರುಬರ ಕಂಬಳಿಯನ್ನು ನೋಡಿರಿ: ನೆನೆದಂತೆ ಎಳೆ ಉಬ್ಬಿ ಸಂದು ಮುಚ್ಚುತ್ತದೆ, ಗೊಂಗಡಿ ಹೊದ್ದ ಕುರಿಗಾರನು ಮಳೆಯಲ್ಲೇ ನಿಂತು ಕುರಿ ಕಾಯುತ್ತಾನೆ. ಮೇಕೆಯ ಕೂದಲಿನ ಗುಡಾರವೂ ಅದೇ ರೀತಿ.

ಇನ್ನೊಂದು ಮಾತನ್ನು ಗಂಡಸರು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯಾಯೇಲ ಎಂಬ ಹೆಂಗಸು ಸೇನಾಪತಿ ಸೀಸೆರನನ್ನು ಕೊಂದದ್ದು ಗುಡಾರದ ಗೂಟದಿಂದ. ಕೊಲೆಯ ವಿಷಯ ಹಾಗಿರಲಿ. ಅವಳ ಕೈಗೆ ಗೂಟವೂ ಸುತ್ತಿಗೆಯೂ ಅಷ್ಟು ಸಲೀಸಾಗಿ ಹೇಗೆ ಬಂದವು? ಅಲೆಮಾರಿ ಜನರಲ್ಲಿ ಗುಡಾರ ಹೊಡೆಯುವುದು ಹೆಂಗಸರ ಕೆಲಸವಾಗಿತ್ತು. ಅರಬ್ಬೀ ಅಲೆಮಾರಿಗಳಲ್ಲಿಯೂ ಹೀಗೆಯೇ ನಡೆದುಬಂದಿದೆ. ನಮ್ಮ ಟೋಳಿಗಳಲ್ಲಿಯೂ ಅದೇ ಗತಿ. ದಿನವಿಡೀ ಟ್ರಕ್ಕಿನಲ್ಲಿ ಕುಲುಕಾಡಿ ಸಂಜೆಗೆ ಇಳಿದರೆ ಗಂಡ ಬೀಡಿ ಹಚ್ಚಿ ಮುಕಾದಮನ ಜೊತೆ ಮಾತಿಗೆ ಕೂರುತ್ತಾನೆ; ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿ ಗೂಟ ಹೊಡೆಯುತ್ತಾಳೆ. ಕೊಯ್ತಾ ಅಂದರೆ ಲೆಕ್ಕದಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಒಂದು. ಹಾಗಿದ್ದ ಮೇಲೆ ಗುಡಾರವೂ ಇಬ್ಬರ ಕೈಯಿಂದಲೇ ಏಳಬೇಕು. ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಹೆಸರುಗಳನ್ನು ಬೈಬಲಿನಲ್ಲಿ ಬೇರೆ ಬೇರೆಯಾಗಿ ನಾವು ಎಲ್ಲಿಯೂ ಕಾಣುವುದಿಲ್ಲ.

ಈಗ ಕೆಲಸದ ಮಾತಿಗೆ ಬರೋಣ.

ಹೊಸ ಗುಡಾರವನ್ನು ಮೊದಲ ಸಲ ಹೂಡುವುದು ಕಬ್ಬಿನ ಫಡದಲ್ಲಿ ಆಗಬಾರದು, ಮನೆಯ ಅಂಗಳದಲ್ಲಿಯೇ ಆಗಬೇಕು. ಒಮ್ಮೆ ಹಗಲಿನಲ್ಲಿ ಹಾಕಿರಿ. ಮತ್ತೊಮ್ಮೆ ಹೊತ್ತು ಮುಳುಗಿದ ಮೇಲೆ ದೀಪವಿಲ್ಲದೆ ಹಾಕಿರಿ, ಏಕೆಂದರೆ ಟ್ರಕ್ಕು ನಿಮ್ಮನ್ನು ಇಳಿಸುವುದು ಬಹುಮಟ್ಟಿಗೆ ಕತ್ತಲಲ್ಲಿ. ತಾಡಪತ್ರಿಯ ನಡು ಎಲ್ಲಿ ಬರುತ್ತದೆಂಬುದಕ್ಕೆ ಎರಡೂ ಅಂಚಿನಲ್ಲಿ ಕೆಂಪು ಚಿಂದಿಯೊಂದನ್ನು ಹೊಲಿದಿಡಿರಿ. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತದೆ.

ಲೆಕ್ಕ ಹೀಗಿದೆ. 18 ಅಡಿಗೆ 12 ಅಡಿಯ ತಾಡಪತ್ರಿಯಿದ್ದರೆ, 18 ಅಡಿಯ ಕಡೆಯನ್ನು ನಡುವಿಗೆ ಮಡಿಸಿ ನೆತ್ತಿಯ ಗಳದ ಮೇಲೆ ಹಾಕಬೇಕು. ಒಂದೊಂದು ಮಗ್ಗುಲಿಗೆ 9 ಅಡಿ ಇಳಿಯುತ್ತದೆ. ಅದರಲ್ಲಿ 1 ಅಡಿಯನ್ನು ನೆಲದ ಮೇಲೆ ಹೊರಕ್ಕೆ ಚಾಚಿ ಬಿಟ್ಟರೆ ಇಳಿಜಾರು 8 ಅಡಿ. ನೆತ್ತಿಯ ಎತ್ತರ 6 ಅಡಿ ಇಟ್ಟರೆ ಒಳಗೆ ಸುಮಾರು ಹತ್ತೂವರೆ ಅಡಿ ಅಗಲ, 12 ಅಡಿ ಉದ್ದ ಸಿಗುತ್ತದೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಟ್ರಂಕು, ಕಾಳಿನ ಚೀಲಕ್ಕೆ ಇಷ್ಟು ಸಾಕು. "ಎತ್ತರ ಹೆಚ್ಚಿದ್ದರೆ ಚಂದ" ಎಂದು ಕೆಲವರು ಏಳು ಎಂಟು ಅಡಿಗೆ ಏರಿಸುತ್ತಾರೆ. ಎತ್ತರ ಏರಿದಷ್ಟೂ ನೆಲದ ಅಗಲ ಕುಗ್ಗುತ್ತದೆ, ಗಾಳಿಗೆ ಮೈ ಹೆಚ್ಚು ಒಡ್ಡುತ್ತದೆ. ಕವೆಗಂಬ ಎರಡು ಬೇಕು, ಒಂದೊಂದೂ ಏಳೂವರೆ ಅಡಿ. ಅದರಲ್ಲಿ ಒಂದೂವರೆ ಅಡಿ ನೆಲದೊಳಗೆ ಹೋಗಬೇಕು. ಕೆಲವು ಕಾರ್ಖಾನೆಗಳವರು ಬಿದಿರು, ತಟ್ಟಿ ಕೊಡುತ್ತಾರೆ. ಕೊಟ್ಟರೆ ಒಳ್ಳೆಯದು, ಆದರೆ ಅದನ್ನು ನೆಚ್ಚಿಕೊಂಡು ಬರಿಗೈಯಲ್ಲಿ ಹೋಗಬೇಡಿರಿ.

ಜಾಗ ಆರಿಸುವುದರಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಹಳ್ಳದ ದಂಡೆ ನೀರಿಗೆ ಹತ್ತಿರವೆಂದು ಹೆಂಗಸರಿಗೆ ಅನುಕೂಲವೆನಿಸುತ್ತದೆ. 2020ರ ಅಕ್ಟೋಬರ್ ಮಧ್ಯದಲ್ಲಿ ನಮ್ಮ ಬೋರಿ ನದಿಗೆ ಎಂಥ ನೀರು ಬಂತೆಂಬುದನ್ನು ಈ ತಾಲೂಕಿನವರಿಗೆ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಸೋಲಾಪುರ ಜಿಲ್ಲೆಯ ಊರುಗಳಿಗೆ ನುಗ್ಗಿತು. ಮಳೆ ಕಡಿಮೆಯಾದ ಸೀಮೆಯೆಂದು ಹಳ್ಳಗಳು ನಮಗೆ ವಿನಾಯಿತಿ ಕೊಡುವುದಿಲ್ಲ. ಆದ್ದರಿಂದ ನೀರು ಹತ್ತು ನಿಮಿಷದ ನಡಿಗೆಯಾದರೂ ಚಿಂತೆಯಿಲ್ಲ, ಗುಡಾರ ಏರಿನಲ್ಲಿರಲಿ. ಗಾಡಿಯ ಹಾದಿಗೆ ಹತ್ತಿ ಗುಡಾರ ಹಾಕಬೇಡಿರಿ. ರಾತ್ರಿ ಹೇರಿಕೆಗೆ ಬರುವ ಟ್ರ್ಯಾಕ್ಟರು ಹಿಂದಕ್ಕೆ ಸರಿಯುವಾಗ ಮಲಗಿದ ಕೂಸು ಚಾಲಕನಿಗೆ ಕಾಣುವುದಿಲ್ಲ. ಕಬ್ಬಿನ ಸಾಲಿಗೂ ರವದಿಯ ರಾಶಿಗೂ ದೂರವಿರಿ. ರವದಿಯಲ್ಲಿ ಇಲಿ, ಇಲಿಯ ಹಿಂದೆ ಹಾವು. ರವದಿಯನ್ನು ಹಾಸಿಗೆಗೆ ಹಾಕಿಕೊಳ್ಳುವುದು ಬೆಚ್ಚಗಿರುತ್ತದೆ ನಿಜ, ಆದರೆ ಒಂದು ಕಿಡಿ ಸಾಕು.

ನೆಲದ ಮೇಲೆ ಚೌಕ ಗುರುತು ಹಾಕುವಾಗ ಒಂದು ಹಗ್ಗದಿಂದ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಅಳೆಯಿರಿ. ಎರಡೂ ಅಡ್ಡ ಅಳತೆ ಸಮನಾಗಿದ್ದರೆ ಚೌಕ ಸರಿಯಾಗಿದೆ. ಇಲ್ಲದಿದ್ದರೆ ಬಟ್ಟೆ ಒಂದು ಕಡೆ ಜಗ್ಗಿ ಇನ್ನೊಂದು ಕಡೆ ಜೋಲುತ್ತದೆ. ಜೋಲಿದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಬಟ್ಟೆಯನ್ನು ಹರಿಯುತ್ತದೆ. ಗಾಳಿ ಬೀಸುವ ದಿಕ್ಕಿಗೆ ಗುಡಾರದ ಬೆನ್ನು ಇರಲಿ, ಬಾಗಿಲು ಇರಬಾರದು. ಬೀಸುವ ಗಾಳಿಗೆ ಅಗಲವಾದ ಮಗ್ಗುಲನ್ನು ಅಡ್ಡ ಹಿಡಿದರೆ ಪಟ ಬಿಟ್ಟಂತಾಗುತ್ತದೆ.

ಗೂಟದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಗುಡಾರ ಬೀಳುವುದು ಗೂಟದಿಂದಲೇ. ಜಾಲಿಯ ಗೂಟ ಒಳ್ಳೆಯದು, ಉದ್ದ ಒಂದೂವರೆ ಅಡಿ ಇರಲಿ. ನೆಟ್ಟಗೆ ಹೊಡೆಯಬೇಡಿರಿ. ಗೂಟದ ತಲೆ ಗುಡಾರದಿಂದ ಆಚೆಗೆ ವಾಲಿರಬೇಕು, ತುದಿ ಗುಡಾರದ ಕಡೆಗೆ ನೆಲದೊಳಗೆ ಹೋಗಬೇಕು. ಆಗ ಹಗ್ಗ ಎಳೆದಷ್ಟೂ ಗೂಟ ಮಣ್ಣನ್ನು ಕಚ್ಚುತ್ತದೆ. ಮುರುಮಿನ ನೆಲದಲ್ಲಿ ಮೊದಲು ಹಾರೆಯಿಂದ ತೂತು ಮಾಡಿಕೊಳ್ಳಿರಿ. ಎರೆಭೂಮಿಯದೇ ಬೇರೆ ಕಥೆ. 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ಭೀಮೆಯ ನೀರು ಹರಿದಲ್ಲೆಲ್ಲ ಕಬ್ಬು ಬೆಳೆದಿದೆ, ಆ ನೆಲ ಬಹಳಷ್ಟು ಕರಿ ಎರೆ. ಒಣಗಿದಾಗ ಅದು ಕಲ್ಲಿನಂತೆ, ಗೂಟ ಇಳಿಯುವುದಿಲ್ಲ. ನೆನೆದರೆ ಬೆಣ್ಣೆಯಂತೆ, ಗೂಟ ನಿಲ್ಲುವುದಿಲ್ಲ. ಅಂಥಲ್ಲಿ ಗೂಟವನ್ನೇ ನಂಬಬಾರದು. ಎರಡು ಅಡಿ ಆಳದ ಕುಣಿ ತೋಡಿ, ಮೊಳದುದ್ದದ ಕಟ್ಟಿಗೆಯನ್ನೋ ಉದ್ದನೆಯ ಕಲ್ಲನ್ನೋ ಹಗ್ಗದಿಂದ ನಡುವಿಗೆ ಕಟ್ಟಿ ಅಡ್ಡಲಾಗಿ ಮಲಗಿಸಿ, ಹಗ್ಗದ ತುದಿಯನ್ನು ಮೇಲಕ್ಕೆ ಬಿಟ್ಟು, ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿಯಿರಿ. ನಾಲ್ಕು ಮೂಲೆಗೆ ನಾಲ್ಕು ಹೀಗೆ ಹೂತಿಟ್ಟರೆ ಹೋರಿ ಕಟ್ಟಿದರೂ ಕೀಳುವುದಿಲ್ಲ.

ಪ್ರವಾದಿಯಾದ ಯೆಶಾಯನು 54ನೆಯ ಅಧ್ಯಾಯದಲ್ಲಿ ಗುಡಾರವನ್ನು ದೊಡ್ಡದು ಮಾಡುವವರಿಗೆ ಹಗ್ಗವನ್ನು ಉದ್ದ ಮಾಡುವುದರ ಜೊತೆಗೇ ಗೂಟವನ್ನು ಬಲಪಡಿಸುವ ಮಾತನ್ನೂ ಹೇಳುತ್ತಾನೆ. ಗುಡಾರದ ಬಾಳನ್ನು ಬಲ್ಲವನಿಗೆ ಇದು ತಿಳಿಯುವಂಥಾದ್ದು. ಬಟ್ಟೆ ಅಗಲವಾದಂತೆ ಗಾಳಿಯ ಎಳೆತ ಹೆಚ್ಚುತ್ತದೆ, ಹಳೆಯ ಗೂಟ ಸಾಲದು.

ತಾಡಪತ್ರಿಯ ಅಂಚಿನ ಕಣ್ಣುಗಳು ಮೊದಲ ತಿಂಗಳಲ್ಲೇ ಹರಿಯುತ್ತವೆ. ಹರಿದ ಮೇಲೆ ಗೋಳಾಡುವ ಅಗತ್ಯವಿಲ್ಲ. ಹುಣಸೆಬೀಜಕ್ಕಿಂತ ದೊಡ್ಡದಾದ, ದುಂಡನೆಯ ಒಂದು ಹರಳನ್ನು ತಾಡಪತ್ರಿಯ ಒಳಮಗ್ಗುಲಿಗೆ ಇಟ್ಟು, ಹೊರಗಿನಿಂದ ಬಟ್ಟೆಯನ್ನು ಹರಳಿನ ಸುತ್ತ ಹಿಚುಕಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಬಟ್ಟೆಗೆ ತೂತೇ ಬೀಳುವುದಿಲ್ಲ, ಕಣ್ಣಿಗಿಂತ ಗಟ್ಟಿ. ಹಗ್ಗಕ್ಕೆ ದನ ಕಟ್ಟುವ ಜಾರುಗಂಟನ್ನೇ ಹಾಕಿರಿ. ಬೆಂಕಿ ಬಿದ್ದಾಗ ಒಂದೇ ಎಳೆತಕ್ಕೆ ಬಿಚ್ಚಬೇಕು. ನಾರಿನ ಹಗ್ಗ, ನೂಲಿನ ಹಗ್ಗ ನೆನೆದರೆ ಮುದುಡಿ ಬಿಗಿಯುತ್ತವೆ, ಆದ್ದರಿಂದ ಮೋಡ ಕಂಡಾಗ ಒಂದು ಬೆರಳು ಸಡಿಲ ಬಿಡಬೇಕು. ನೈಲಾನಿನದು ತದ್ವಿರುದ್ಧ, ಜಗ್ಗಿಕೊಳ್ಳುತ್ತದೆ. ಅದನ್ನು ದಿನವೂ ಬಿಗಿಯಬೇಕು. ದಪ್ಪ ಹತ್ತಿಯ ಕ್ಯಾನ್ವಾಸು ಕೊಂಡವರು ಯಾರಾದರೂ ಇದ್ದರೆ ಹೊರಡುವ ಮುಂಚೆ ಎರಡು ಸಲ ಚೆನ್ನಾಗಿ ನೆನೆಸಿ ಒಣಗಿಸಿರಿ, ಹೊಲಿಗೆಯ ತೂತುಗಳಲ್ಲಿ ನೂಲು ಉಬ್ಬಿ ಮುಚ್ಚಿಕೊಳ್ಳುತ್ತದೆ. ಮಳೆ ಬರುವಾಗ ಒಳಗಿನಿಂದ ಅದಕ್ಕೆ ಬೆನ್ನು ತಾಗಿಸಬೇಡಿರಿ, ತಾಗಿದಲ್ಲಿ ಸೋರುತ್ತದೆ.

ಗುಡಾರ ನಿಂತ ಕೂಡಲೇ, ಒಲೆ ಹೂಡುವ ಮೊದಲೇ, ಸುತ್ತಲೂ ಗೇಣಾಳದ ಕಾಲುವೆ ತೋಡಬೇಕು. ತೋಡಿದ ಮಣ್ಣನ್ನು ಹೊರಕ್ಕೆ ಚಾಚಿಬಿಟ್ಟ ಒಂದಡಿ ಬಟ್ಟೆಯ ಮೇಲೆ ಹಾಕಿ ಹೊರಗಡೆಗೆ ಇಳಿಜಾರಾಗುವಂತೆ ತುಳಿಯಿರಿ. ಗಾಳಿ ನುಗ್ಗುವುದಿಲ್ಲ, ಹರಿವ ನೀರು ನುಗ್ಗುವುದಿಲ್ಲ, ಚೇಳಿಗೂ ಸಂದು ಉಳಿಯುವುದಿಲ್ಲ. "ಮಳಿ ಎಲ್ಲೈತ್ರೀ ಈಗ?" ಎಂದು ಹೇಳುವವರು ಇರುತ್ತಾರೆ. ಕಾಲುವೆ ತೋಡಬೇಕಾದದ್ದು ಮಳೆ ಇಲ್ಲದಾಗಲೇ.

ಒಲೆ ಬಾಗಿಲಿನಿಂದ ಎರಡು ಮಾರು ಆಚೆ, ಗಾಳಿಯ ಕೆಳಮಗ್ಗುಲಿಗೆ ಇರಲಿ. ಪ್ಲಾಸ್ಟಿಕ್ಕಿನ ತಾಡಪತ್ರಿ ಬರೀ ಉರಿಯುವುದಿಲ್ಲ, ಕರಗಿ ಮೈಮೇಲೆ ತೊಟ್ಟಿಕ್ಕುತ್ತದೆ. ಚಿಮಣಿಯನ್ನು ಒಳಗೆ ತರಲೇಬೇಡಿರಿ. ಈಗ ಸೌರ ದೀಪ ಅಗ್ಗದಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ಬ್ಯಾಟರಿ ಇದೆ. ಪುಷ್ಯಮಾಸದ ಚಳಿಗೆ ಕೆಂಡದ ಮಡಕೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿ ಮಲಗುವುದು ಇನ್ನೂ ಅಪಾಯ. ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಬೆನ್ನಿನ ಮಗ್ಗುಲಲ್ಲಿ ನೆತ್ತಿಯ ಕೆಳಗೆ ಒಂದು ಗೇಣು ಕಿಂಡಿ ಯಾವಾಗಲೂ ತೆರೆದಿರಲಿ. ಉಸಿರಿನ ಆವಿ ಅಲ್ಲಿಂದ ಹೋಗದಿದ್ದರೆ ನಸುಕಿನಲ್ಲಿ ಹನಿಯಾಗಿ ಕೂಸಿನ ಮೇಲೆ ಬೀಳುತ್ತದೆ.

ಅರಣ್ಯಕಾಂಡದ 4ನೆಯ ಅಧ್ಯಾಯವನ್ನು ಬೇಸರದ ಅಧ್ಯಾಯವೆಂದು ನಾವು ಹಾರಿಸಿ ಓದುತ್ತೇವೆ. ಅಲ್ಲಿ ಗುಡಾರದ ಸಾಮಾನನ್ನು ಲೇವಿಯರಿಗೆ ಹಂಚಿಕೊಟ್ಟ ಪಟ್ಟಿಯಿದೆ. ಕಂಬ, ಗೂಟ, ಹಗ್ಗ ಇವು ಮೆರಾರೀಯರ ಪಾಲಿಗೆ ಬಂದವು, ಅದೂ ಇಂಥವನಿಗೆ ಇಂಥದು ಎಂದು ಎಣಿಸಿ ಒಪ್ಪಿಸಿದ್ದು. ಟೋಳಿಯಲ್ಲಿ ಈ ಪದ್ಧತಿ ಬೇಕು. ನೂರು ಸಾಮಾನಿನ ಟ್ರಕ್ಕಿನಲ್ಲಿ ಗೂಟದ ಚೀಲ ತಳಕ್ಕೆ ಸೇರಿದರೆ ಆ ರಾತ್ರಿ ಎಲ್ಲರೂ ಬಯಲಲ್ಲಿ ಕೂರಬೇಕು. ಒಂದು ಮನೆಗೆ ಒಬ್ಬ ಮೆರಾರೀಯನಿರಲಿ. ಹತ್ತು ವರುಷದ ಹುಡುಗನಾದರೂ ಸರಿ, ಗೂಟ ಎಣಿಸುವುದು ಅವನ ಕೆಲಸ. ಹತ್ತು ವರುಷದ ಹುಡುಗ ಹಂಗಾಮಿಗೆ ಬರುವುದೇ ತಪ್ಪು, ಅವನು ಶಾಲೆಯಲ್ಲಿರಬೇಕು ಎಂಬ ಮಾತು ಬೇರೆ; ಅದಕ್ಕೆ ಕೂಟದವರು ಊರಲ್ಲಿ ಮಕ್ಕಳನ್ನು ಇರಿಸಿಕೊಳ್ಳುವ ವ್ಯವಸ್ಥೆಯನ್ನು ಮಧ್ಯಾಹ್ನದ ಮೇಲೆ ಚರ್ಚಿಸುವವರಿದ್ದಾರೆ.

ಗುಡಾರದವರನ್ನು ಈ ದೇಶ ಹೇಗೆ ನೋಡಿತು ಎಂಬುದನ್ನೂ ಹೇಳಬೇಕು. 1871ರ ಕಾಯ್ದೆಯಿಂದ ಅಲೆಮಾರಿ ಜಾತಿಗಳನ್ನು ಹುಟ್ಟು ಅಪರಾಧಿಗಳೆಂದು ಕರೆದು, ಅವರ ಗುಡಾರ ಕೀಳಿಸಿ ತಂತಿಬೇಲಿಯೊಳಗೆ ಕೂಡಿಹಾಕಿದರು. ಸೋಲಾಪುರದ ಸೆಟ್ಲ್‌ಮೆಂಟು ಅಂಥದ್ದೇ. ಆ ಭಾಗಕ್ಕೆ ಇಂದಿಗೂ ಅದೇ ಹೆಸರು. ಒಳಗಿನವರಿಗೆ ಹಾಜರಿ, ಹೊರಗೆ ಗಿರಣಿಯ ಕೂಲಿ. ದೇಶದ ಅನೇಕ ಕಡೆಗಳಲ್ಲಿ ಇಂಥ ಸೆಟ್ಲ್‌ಮೆಂಟುಗಳನ್ನು ಸರ್ಕಾರದ ಪರವಾಗಿ ಮಿಷನರಿಗಳೇ ನಡೆಸಿದರು. ಶಾಲೆ ಕಲಿಸಿದರು, ಔಷಧ ಕೊಟ್ಟರು, ಸತ್ಯ. ಬೀಗದ ಕೈಯನ್ನೂ ಹಿಡಿದಿದ್ದರು, ಅದೂ ಸತ್ಯ. ಕ್ರೈಸ್ತರಾದ ನಾವು ಇದನ್ನು ಮುಚ್ಚಿಡಬಾರದು. 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ಕೈಕಾಡಿ ಸಮಾಜದ ಲಕ್ಷ್ಮಣ ಮಾನೆಯವರು 1980ರಲ್ಲಿ ಮರಾಠಿಯಲ್ಲಿ ಬರೆದ 'ಉಪರಾ' ಎಂಬ ಆತ್ಮಕಥೆಯಲ್ಲಿ ಗುಡಾರದ ಬಾಳು ಎಂಥದೆಂದು ತಿಳಿಯುತ್ತದೆ. ಮರಾಠಿ ಓದಬಲ್ಲವರು ಓದಿರಿ.

ಮತ್ತೊಂದು ರಾತ್ರಿಯನ್ನು ನೆನೆಯಿರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು, ಮಣ್ಣು ಹೇರಿದ ಮಾಳಿಗೆಗಳು ಕುಸಿದು ಸಾವಿರಾರು ಜನ ಸತ್ತರು. ಉಳಿದವರು ತಿಂಗಳುಗಟ್ಟಲೆ ಗುಡಾರ, ತಗಡಿನ ಶೆಡ್ಡುಗಳಲ್ಲಿ ಬಾಳಿದರು. ಮನೆ ಗಟ್ಟಿಯಾಗಿ ನಿಂತಿದ್ದವರೂ ಒಳಗೆ ಮಲಗಲು ಹೆದರಿ ಬಯಲಿನಲ್ಲಿ ಬಟ್ಟೆ ಕಟ್ಟಿಕೊಂಡರು. ಗುಡಾರ ಹೂಡಲು ಬಲ್ಲವನಿಗೆ ಆ ವಾರ ಊರಲ್ಲಿದ್ದ ಬೆಲೆ ಗೌಡನಿಗಿರಲಿಲ್ಲ.

ಹಾಗಾದರೆ ಗುಡಾರವೇ ನಮ್ಮ ಪಾಲು ಎಂದು ಸುಮ್ಮನಿರಬೇಕೇ? ಖಂಡಿತ ಇಲ್ಲ. ಇಲ್ಲಿಂದ ಸೋಲಾಪುರಕ್ಕೆ ಹೋಗುವ ಹಾದಿಯಲ್ಲಿ ಕುಂಭಾರಿಯನ್ನು ನೋಡಿದ್ದೀರಲ್ಲ. ಬೀಡಿ ಕಟ್ಟುವ ಹೆಂಗಸರು ಸಂಘ ಕಟ್ಟಿ, ನರಸಯ್ಯ ಆಡಂ ಅವರ ಮುಂದಾಳುತನದಲ್ಲಿ ವರುಷಗಟ್ಟಲೆ ಹೋರಾಡಿ, ಗೋದೂತಾಯಿ ಪರುಳೇಕರ ಹೆಸರಿನಲ್ಲಿ 10,000 ಮನೆಗಳ ಊರನ್ನೇ ಎಬ್ಬಿಸಿದರು; 2006ರಲ್ಲಿ ಅದು ಅವರ ಕೈಸೇರಿತು. ಅದೇ ಕುಂಭಾರಿಯ ರೇನಗರದಲ್ಲಿ 30,000 ಮನೆಗಳ ಯೋಜನೆಯ ಮೊದಲ 15,000 ಮನೆಗಳ ಬೀಗದ ಕೈಗಳು 2024ರ ಜನವರಿ 19ರಂದು ಕಾರ್ಮಿಕರಿಗೆ ಸಿಕ್ಕವು. ಅವರಲ್ಲಿ ಅನೇಕರು ನಮ್ಮ ಪಂಗಡದವರಲ್ಲ, ನಮ್ಮ ಮತದವರಲ್ಲ. ಕಲಿಯುವುದಕ್ಕೆ ಅದು ಅಡ್ಡಿಯಲ್ಲ.

ಕಬ್ಬಿನವರಿಗೆ ಸಂಘದ ಬಲ ಕಡಿಮೆ, ಏಕೆಂದರೆ ಇಂದು ಒಂದು ಫಡ, ನಾಳೆ ಇನ್ನೊಂದು. ಆದರೂ ಕೇಳುವ ಹಕ್ಕಿದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ದುಡಿಯಲು ಒಯ್ದವರಿಗೆ ತಕ್ಕ ವಸತಿ ಕೊಡುವುದು ಗುತ್ತಿಗೆದಾರನ ಹೊಣೆಯೆಂದು 1979ರ ಕಾಯ್ದೆ ಹೇಳಿತ್ತು. ಆ ಕಾಯ್ದೆ ಈಗ 2020ರ ಸಂಹಿತೆಯೊಳಗೆ ಸೇರಿಹೋಗಿದೆ. ಕಾಗದದ ಮಾತನ್ನು ಮುಕಾದಮನು ತಾನಾಗಿ ಓದಿ ಹೇಳುವುದಿಲ್ಲ. ಆದ್ದರಿಂದ ಟ್ರಕ್ಕು ಹತ್ತುವ ಮೊದಲೇ, ಟೋಳಿಯವರೆಲ್ಲ ಒಟ್ಟಿಗೆ ನಿಂತು, ಅವನನ್ನು ಮೂರು ಮಾತು ಕೇಳಿರಿ: ಗುಡಾರದ ಜಾಗ ಯಾವುದು, ಕುಡಿಯುವ ನೀರು ಎಲ್ಲಿಂದ, ಹೆಂಗಸರು ಬಯಲಿಗೆ ಹೋಗುವ ವ್ಯವಸ್ಥೆ ಏನು. ಮೂರನೆಯದನ್ನು ಕೇಳಲು ಗಂಡಸರು ನಾಚುತ್ತಾರೆ, ಹೆಂಗಸರು ಹೆದರುತ್ತಾರೆ. 2019ರಲ್ಲಿ ಸರ್ಕಾರದ ಸಮಿತಿಯ ತನಿಖೆಯಲ್ಲಿ ಬೀಡ ಜಿಲ್ಲೆಯ ಕಬ್ಬು ಕಡಿಯುವ 82,309 ಹೆಂಗಸರಲ್ಲಿ 13,861 ಮಂದಿಗೆ ಗರ್ಭಕೋಶ ತೆಗೆಸಿದ್ದು ಕಂಡುಬಂತು. ಮುಟ್ಟಿನ ದಿನ ರಜೆ ಮಾಡಿದರೆ ದಂಡ, ತೊಳೆಯಲು ನೀರಿಲ್ಲ, ಮರೆಯಿಲ್ಲ. ರೋಗ ಬಲಿತು ಕಡೆಗೆ ಕತ್ತರಿ. ಗುಡಾರದ ಹಿಂದೆ ಹಳೆಯ ಸೀರೆಯಿಂದ ನಾಲ್ಕು ಗಳದ ಮರೆಯೊಂದನ್ನು ಮೊದಲ ದಿನವೇ ಕಟ್ಟಿಕೊಡುವುದು ಗಂಡನಾದವನ ಕೆಲಸ. ಅದಕ್ಕೆ ಒಂದು ತಾಸೂ ಹಿಡಿಯುವುದಿಲ್ಲ.

ನನ್ನ ಮಾತು ಉದ್ದವಾಯಿತು, ಬಿಸಿಲು ಏರುತ್ತಿದೆ. ಗುಡಿಯ ಹಿಂದಿನ ಬಯಲಿನಲ್ಲಿ ಎರಡು ತಾಡಪತ್ರಿ, ಕವೆಗಂಬ, ಹಾರೆ, ಜಾಲಿಯ ಗೂಟ ಇಟ್ಟಿದ್ದೇವೆ. ಹೊಸ ಜೋಡಿಗಳು ಮೊದಲು ಬನ್ನಿರಿ. ಅನುಭವಸ್ಥರು ದೂರ ನಿಂತು ನೋಡಿರಿ, ಅವರು ಕೇಳುವವರೆಗೆ ಬಾಯಿ ಹಾಕಬೇಡಿರಿ. ಹೂಡಿದ ಮೇಲೆ ನಾಲ್ಕು ಕೊಡ ನೀರು ಮೇಲೆ ಸುರಿದು ನೋಡೋಣ, ಆಮೇಲೆ ಊಟ.